ದಿವಾಳಿ ಅರ್ಜಿಗೆ ಮುನ್ನ ವಕೀಲರು ಕೇಳುವ ಪ್ರಶ್ನೆಗಳು: ನಾಲ್ಕು ಶತಮಾನಗಳ ಹಿನ್ನೆಲೆ

ದಿವಾಳಿ ಅರ್ಜಿ ಹಾಕುವ ಯೋಚನೆಯಿಂದ ವಕೀಲರ ಬಳಿ ಹೋದವರು ಸಾಮಾನ್ಯವಾಗಿ ತಿಳಿಯಬಯಸುವುದು ಎಷ್ಟು ಸಾಲ ಮನ್ನಾ ಆಗುತ್ತದೆ ಎಂಬುದನ್ನು. ಅನುಭವಿ ವಕೀಲರು ಅದಕ್ಕೆ ಉತ್ತರಿಸುವ ಮೊದಲು ಬೇರೆಯದನ್ನೇ ವಿಚಾರಿಸುತ್ತಾರೆ. ಕಳೆದ ಒಂದೆರಡು ವರ್ಷಗಳಲ್ಲಿ ಮನೆಯನ್ನೋ ವಾಹನವನ್ನೋ ಹೆಂಡತಿ ಮಕ್ಕಳ ಹೆಸರಿಗೆ ಬರೆದುಕೊಟ್ಟಿದ್ದೀರಾ? ಉಳಿದವರ ಬಾಕಿ ಹಾಗೆಯೇ ಇರುವಾಗ ಅಣ್ಣನಿಗೋ ಭಾವನಿಗೋ ಮಾತ್ರ ಹಣ ತೀರಿಸಿದ್ದೀರಾ? ನಿಮ್ಮ ಸಾಲಕ್ಕೆ ಜಾಮೀನು ನಿಂತವರು ಯಾರು? ಕಷ್ಟ ಹೇಳಿಕೊಳ್ಳಲು ಬಂದವನನ್ನು ಕಳ್ಳನಂತೆ ವಿಚಾರಿಸುತ್ತಾರಲ್ಲ ಎಂದು ಮುನಿಸಿಕೊಳ್ಳುವವರಿದ್ದಾರೆ. ಆದರೆ ಈ ಒಂದೊಂದು ಪ್ರಶ್ನೆಯ ಹಿಂದೆಯೂ ಒಂದು ಹಳೆಯ ಮೊಕದ್ದಮೆಯೋ ಶಾಸನವೋ ಇದೆ.

ಸಾಲ ತೀರಿಸಲಾಗದವನಿಗೆ ಬಿಡುಗಡೆ ಎಂಬ ಕಲ್ಪನೆಯೇ ತಡವಾಗಿ ಬಂದದ್ದು. ಕ್ರಿ.ಪೂ. 5ನೇ ಶತಮಾನದ ರೋಮಿನ ಹನ್ನೆರಡು ಫಲಕಗಳ ಕಾನೂನು ತೀರ್ಪಿನ ನಂತರ 30 ದಿನಗಳ ಅವಕಾಶ ಕೊಡುತ್ತಿತ್ತು. ಅದು ಮುಗಿದ ಮೇಲೆ ಸಾಲ ಕೊಟ್ಟವನು ಸಾಲಗಾರನನ್ನು 60 ದಿನ ಬಂಧನದಲ್ಲಿಟ್ಟುಕೊಂಡು, ಆಗಲೂ ಹಣ ಬಾರದಿದ್ದರೆ ಟೈಬರ್ ನದಿಯಾಚೆ ಗುಲಾಮನಾಗಿ ಮಾರಬಹುದಿತ್ತು. ಇಂಗ್ಲೆಂಡಿನ 1542ರ ಮೊದಲ ದಿವಾಳಿ ಕಾಯ್ದೆಗೂ ಸಾಲಗಾರನೆಂದರೆ ಮೋಸಗಾರನೇ. 1571ರ ಕಾಯ್ದೆ ವ್ಯಾಪಾರಿಗಳಿಗಷ್ಟೇ ಅನ್ವಯಿಸುತ್ತಿತ್ತು. ಅವರ ಸ್ವತ್ತನ್ನು ವಶಪಡಿಸಿಕೊಂಡು ಸಾಲ ಕೊಟ್ಟವರಿಗೆಲ್ಲ ಪ್ರಮಾಣಾನುಸಾರ ಹಂಚಿದ ಮೇಲೂ ಉಳಿದ ಬಾಕಿ ಸಾಲಗಾರನ ತಲೆಯ ಮೇಲೇ ಇರುತ್ತಿತ್ತು. ಕನ್ನಡದಲ್ಲಿ 'ಪಾಪರ್ ಚೀಟಿ' ಎಂಬ ಮಾತಿಗೆ ಅಂಟಿಕೊಂಡಿರುವ ಹೀಯಾಳಿಕೆಯನ್ನು ನೆನೆದರೆ, ಆ ಹಳೆಯ ದೃಷ್ಟಿ ಪೂರ್ತಿ ಅಳಿದಿಲ್ಲವೆಂದೇ ಅನ್ನಿಸುತ್ತದೆ.

ಅದೇ 1571ರಲ್ಲಿ, ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ ಆಸ್ತಿ ವರ್ಗಾವಣೆಗಳನ್ನು ಅಸಿಂಧುಗೊಳಿಸುವ ಇನ್ನೊಂದು ಶಾಸನವೂ ಬಂತು. ಅದರಡಿ 1601ರಲ್ಲಿ ತೀರ್ಮಾನವಾದ ಟ್ವೈನ್ ಪ್ರಕರಣವನ್ನು ವಿವರವಾಗಿಯೇ ನೋಡಬೇಕು. ಪಿಯರ್ಸ್ ಎಂಬವನು ಟ್ವೈನ್‌ಗೆ 400 ಪೌಂಡ್, ಮತ್ತೊಬ್ಬನಿಗೆ 200 ಪೌಂಡ್ ಕೊಡಬೇಕಿತ್ತು. ಆ ಮತ್ತೊಬ್ಬ ದಾವೆ ಹೂಡಿದ್ದಾಗಲೇ ಪಿಯರ್ಸ್ ಸುಮಾರು 300 ಪೌಂಡ್ ಬೆಲೆಯ ತನ್ನೆಲ್ಲ ಚರಸ್ವತ್ತನ್ನು ಗುಟ್ಟಾಗಿ ಟ್ವೈನ್ ಹೆಸರಿಗೆ ಬರೆದುಕೊಟ್ಟ. ಕಾಗದದ ಪ್ರಕಾರ ಕುರಿಗಳು ಟ್ವೈನ್‌ನವು. ಆದರೆ ಅವುಗಳ ಉಣ್ಣೆ ಕತ್ತರಿಸಿದವನೂ ಮೈಮೇಲೆ ತನ್ನ ಗುರುತು ಹಾಕಿದವನೂ ಪಿಯರ್ಸ್. ಟ್ವೈನ್‌ಗೆ ಕೊಡಬೇಕಿದ್ದ ಸಾಲ ನಿಜವಾದದ್ದೇ ಆಗಿದ್ದರೂ ನ್ಯಾಯಾಲಯ ಇದನ್ನು ವಂಚನೆಯೆಂದಿತು. ಉಟ್ಟ ಬಟ್ಟೆಯನ್ನೂ ಬಿಡದೆ ಸರ್ವಸ್ವವನ್ನೂ ಕೊಟ್ಟದ್ದು, ಗುಟ್ಟು ಮಾಡಿದ್ದು, ದಾವೆ ನಡೆಯುವಾಗ ಮಾಡಿದ್ದು, ಕೊಟ್ಟ ಮೇಲೂ ಸ್ವತ್ತನ್ನು ತಾನೇ ಅನುಭವಿಸಿದ್ದು, ಇವನ್ನೆಲ್ಲ ಅದು ವಂಚನೆಯ ಲಕ್ಷಣಗಳೆಂದು ಎಣಿಸಿತು. 'ಪ್ರಾಮಾಣಿಕವಾಗಿ, ಸದುದ್ದೇಶದಿಂದ' ಎಂದು ಪತ್ರದಲ್ಲಿ ಒತ್ತಿ ಬರೆದಿದ್ದುದೂ ಆ ಪಟ್ಟಿಗೆ ಸೇರಿತು. ಮನೆಯನ್ನು ಮಗನ ಹೆಸರಿಗೆ ಮಾಡಿಸಿ ಅದರಲ್ಲೇ ವಾಸವಿರುವ ಇಂದಿನ ಸಾಲಗಾರನನ್ನು ವಕೀಲರು ನೋಡುವುದು ಆ ಕುರಿಗಳ ನೆನಪಿನಲ್ಲೇ.

ಉಳಿದ ಸಾಲದಿಂದ ಬಿಡುಗಡೆ ದೊರೆತದ್ದು 1705ರ ಇಂಗ್ಲಿಷ್ ಕಾಯ್ದೆಯಿಂದ. ವಿಚಾರಣೆಗೆ ಹಾಜರಾಗಿ ಇದ್ದದ್ದೆಲ್ಲವನ್ನೂ ಒಪ್ಪಿಸಿದ ವ್ಯಾಪಾರಿಯ ಹಳೆಯ ಬಾಕಿ ಅಳಿಯುತ್ತಿತ್ತು; ಬಚ್ಚಿಟ್ಟವನಿಗೆ ಅದೇ ಕಾಯ್ದೆ ಮರಣದಂಡನೆ ವಿಧಿಸಿತ್ತು. ಗಲ್ಲಿಗೇರಿದವರು ಬೆರಳೆಣಿಕೆಯಷ್ಟು ಮಂದಿ; 1761ರಲ್ಲಿ ಲಂಡನ್ನಿನ ವ್ಯಾಪಾರಿ ಜಾನ್ ಪೆರಟ್ ಅವರಲ್ಲೊಬ್ಬ. 1820ರಲ್ಲಿ ಆ ಶಿಕ್ಷೆ ರದ್ದಾಯಿತಾದರೂ, ಪ್ರಾಮಾಣಿಕನಿಗೆ ಬಿಡುಗಡೆ, ಮುಚ್ಚಿಟ್ಟವನಿಗೆ ಶಿಕ್ಷೆ ಎಂಬ ವಿಂಗಡಣೆ ಇಂದಿನ ಕಾನೂನುಗಳಲ್ಲೂ ಹಾಗೆಯೇ ಉಳಿದಿದೆ.

ವ್ಯಾಪಾರಿಯಲ್ಲದ ಸಾಮಾನ್ಯ ಸಾಲಗಾರ ಇನ್ನೂ ಜೈಲಿನಲ್ಲೇ ಇದ್ದ. ಮುಂದೆ ಕಾದಂಬರಿಕಾರನಾಗಿ ಹೆಸರಾದ ಚಾರ್ಲ್ಸ್ ಡಿಕನ್ಸ್‌ನ ತಂದೆ 1824ರಲ್ಲಿ ಸುಮಾರು 40 ಪೌಂಡ್ ಸಾಲಕ್ಕಾಗಿ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆ ಸೇರಿದ. ಅಲ್ಲಿಂದ ಬಿಡಿಸಿಕೊಳ್ಳಲು, ಉಡುಪು ಮತ್ತು ವೈಯಕ್ತಿಕ ವಸ್ತುಗಳ ಬೆಲೆ 20 ಪೌಂಡ್ ಮೀರಿಲ್ಲವೆಂದು ತೋರಿಸಬೇಕಿತ್ತು. ಹನ್ನೆರಡರ ಹುಡುಗ ಚಾರ್ಲ್ಸ್ ಮೈಮೇಲಿನ ಬಟ್ಟೆಯ ಬೆಲೆ ಕಟ್ಟಿಸಿಕೊಳ್ಳಲು ಅಧಿಕಾರಿಯ ಮುಂದೆ ನಿಂತಾಗ, ಅಜ್ಜಿ ಕೊಟ್ಟಿದ್ದ ಬೆಳ್ಳಿಯ ಗಡಿಯಾರ ಜೇಬಿನಲ್ಲಿ ಟಿಕ್‌ಟಿಕ್ ಎನ್ನುತ್ತಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದರೆ ಗತಿಯೇನೆಂದು ಅವನು ಬೆವರಿದ್ದ. ಜಪ್ತಿಯಿಂದ ಏನೇನು ಉಳಿಯುತ್ತದೆ, ಕಸುಬಿನ ಸಲಕರಣೆ, ಬಟ್ಟೆಬರೆ, ಪಿಂಚಣಿಗಳಿಗೆ ಎಷ್ಟು ರಕ್ಷಣೆಯಿದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಸಲಹೆಯ ಬಹುಪಾಲು ಸಮಯ ಇಂದಿಗೂ ಇದಕ್ಕೇ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಸಾಲಕ್ಕಾಗಿ ಸೆರೆ ಬಹುಮಟ್ಟಿಗೆ ಕೊನೆಗೊಂಡದ್ದು 1869ರಲ್ಲಿ.

ಪ್ರಾಮಾಣಿಕನಿಗೆ ಬಿಡುಗಡೆ ಎಂಬ ಆ ಮಾದರಿಯೇ ಬೇರೆಡೆಗೂ ಹರಡಿತು. ಭಾರತದ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ, ಸ್ವತ್ತು ಸಾಲದ ರೂಪಾಯಿಗೆ ಎಂಟಾಣೆಯಷ್ಟೂ, ಅಂದರೆ ಅರ್ಧದಷ್ಟೂ, ಇಲ್ಲದಿದ್ದರೆ, ಅದಕ್ಕೆ ತಾನು ಹೊಣೆಯಲ್ಲವೆಂದು ಸಾಲಗಾರ ತೋರಿಸಿದ ಹೊರತು ಪೂರ್ಣ ಬಿಡುಗಡೆ ಸಿಗುವುದಿಲ್ಲ. 2016ರ ದಿವಾಳಿ ಸಂಹಿತೆಯ ವ್ಯಕ್ತಿಗಳ ಭಾಗ 2019ರ ಡಿಸೆಂಬರ್‌ನಲ್ಲಿ ಜಾರಿಯಾದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗಷ್ಟೇ. ಅಮೆರಿಕದ ಸುಪ್ರೀಂ ಕೋರ್ಟ್ 1934ರಲ್ಲಿ, ಹೊಸದಾಗಿ ಬದುಕು ಕಟ್ಟಿಕೊಳ್ಳುವ ಅವಕಾಶ ಪ್ರಾಮಾಣಿಕನಾದ ನತದೃಷ್ಟ ಸಾಲಗಾರನಿಗೆ ಸಲ್ಲಬೇಕೆಂದಿತು. ಅಲ್ಲಿನ 2005ರ ತಿದ್ದುಪಡಿ ಅರ್ಜಿಗೆ ಮುಂಚಿನ 180 ದಿನಗಳೊಳಗೆ ಸಾಲ ಸಮಾಲೋಚನೆ ಪಡೆದಿರಲೇಬೇಕೆಂದು ವಿಧಿಸಿತು. ಕಡ್ಡಾಯ ಮಾಡಿದ್ದು ಸರಿಯೋ ಎಂಬ ವಾದ ಬೇರೆ. ಸಲಹೆ ಅರ್ಜಿಗಿಂತ ಮೊದಲು ಬೇಕೆಂಬುದಂತೂ ಸರಿಯಾದ ಗ್ರಹಿಕೆ.

ಏಕೆಂದರೆ ಕಾನೂನು ಹಿಂದಕ್ಕೆ ನೋಡುತ್ತದೆ. ಒಬ್ಬರಿಗೆ ಮಾತ್ರ ಹಣ ತೀರಿಸಿದ್ದರೆ, ಭಾರತದ 1920ರ ಕಾಯ್ದೆ ಮೂರು ತಿಂಗಳಷ್ಟು, ಅಮೆರಿಕದ ಕಾನೂನು 90 ದಿನಗಳಷ್ಟು, ಬಂಧುಗಳಂಥ ಆಪ್ತರಿಗೆ ಕೊಟ್ಟಿದ್ದರೆ ಒಂದು ವರ್ಷದಷ್ಟು ಹಿಂದಿನದನ್ನು ಕೆದಕಿ ಹಣ ವಾಪಸು ಕೇಳಬಲ್ಲದು. ಮರ್ಯಾದೆಗಂಜಿ ಮೊದಲು ಬಂಧುಗಳ ಕೈಸಾಲ ತೀರಿಸುವವನು ಅವರನ್ನೇ ಕೋರ್ಟಿಗೆ ಎಳೆದಂತಾಗುತ್ತದೆ. ಆದ್ದರಿಂದ ವಕೀಲರ ಮುಂದೆ ಇಡುವ ಪಟ್ಟಿಯಲ್ಲಿ ಬ್ಯಾಂಕಿನ ಬಾಕಿಯ ಜೊತೆಗೆ ಚೀಟಿಯಿಲ್ಲದೆ ಪಡೆದ ಕೈಸಾಲ, ಈಗಾಗಲೇ ಮಾಡಿದ ವರ್ಗಾವಣೆ, ಒಡೆಯದೆ ಇಟ್ಟ ನೋಟಿಸುಗಳು ಎಲ್ಲವೂ ಇರಬೇಕು. ಜೀವನಾಂಶ ಮತ್ತು ವಂಚನೆಯಿಂದ ಹುಟ್ಟಿದ ಸಾಲ ಸಾಮಾನ್ಯವಾಗಿ ಅಳಿಯುವುದಿಲ್ಲ. ಅಡಮಾನದ ಆಸ್ತಿಯ ಮೇಲೆ ಸಾಲ ಕೊಟ್ಟವನ ಹಕ್ಕೂ ಉಳಿಯುತ್ತದೆ. ಅಂಥವೇ ಹೆಚ್ಚಿದ್ದರೆ ಅರ್ಜಿ ಬೇಡ, ಕಂತು ಮರುಹೊಂದಾಣಿಕೆಗೆ ಮಾತಾಡೋಣ ಎಂದು ಒಳ್ಳೆಯ ವಕೀಲರೇ ಹೇಳಿಯಾರು.

ಜಾಮೀನುದಾರನ ವಿಷಯ ಕೊನೆಗೆ ಬರುತ್ತದೆ, ಬಹಳ ಕಡೆಗಳಲ್ಲಿ ಅತ್ಯಂತ ಕಹಿಯಾಗಿ. ಸಾಲಗಾರನ ಬಿಡುಗಡೆ ಅವನಿಗೆ ಅನ್ವಯಿಸುವುದಿಲ್ಲ. ಒಬ್ಬನಿಗೆ ಮನ್ನಾ ಆದ ಮೊತ್ತವನ್ನು ಬ್ಯಾಂಕು ಮತ್ತೊಬ್ಬನಿಂದ ಪೂರ್ತಿ ಕೇಳಬಹುದು. ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮೊದಲೇ ಅವನಿಗೆ ವಿಷಯ ತಿಳಿಸಿ, ಸಾಧ್ಯವಾದರೆ ಅವನನ್ನೂ ಜೊತೆಗೆ ಕರೆದುಕೊಂಡು ಬನ್ನಿ ಎಂದು ವಕೀಲರು ಹೇಳುತ್ತಾರೆ.