ರಕ್ತ ಕೊಟ್ಟರೆ ಮಿದುಳಿನ ಸೆರೊಟೋನಿನ್ ಲೆಕ್ಕ ಸಿಗುತ್ತದೆಯೇ?

ಪ್ರಶ್ನೆ: ತಿಂಗಳುಗಳಿಂದ ಮನಸ್ಸು ಕುಗ್ಗಿದೆ, ಯಾವುದರಲ್ಲೂ ಆಸಕ್ತಿ ಇಲ್ಲ. ಸಕ್ಕರೆ, ಥೈರಾಯ್ಡ್ ನೋಡುವ ಹಾಗೆ ಮಿದುಳಿನಲ್ಲಿ ಸೆರೊಟೋನಿನ್, ಡೋಪಮೀನ್ ಎಷ್ಟಿದೆ ಎಂದು ರಕ್ತದಲ್ಲೋ ಮೂತ್ರದಲ್ಲೋ ನೋಡಲು ಬರುವುದಿಲ್ಲವೇ? ಅಳೆಯದೆಯೇ ಮಾತ್ರೆ ಕೊಡುವುದು ಹೇಗೆ?

ಉತ್ತರ: ಬರುವುದಿಲ್ಲ. ಇವೆರಡೂ ನರವಾಹಕಗಳು, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳು. ರಕ್ತದಲ್ಲಿ ಸೆರೊಟೋನಿನ್ ಇದೆ, ಅದನ್ನು ಕರಾರುವಾಕ್ಕಾಗಿ ಅಳೆಯಲೂ ಸಾಧ್ಯವಿದೆ. ಆದರೆ ಆ ಅಂಕಿ ಮಿದುಳಿನದ್ದಲ್ಲ, ಬಹುಪಾಲು ಕರುಳಿನದು.

ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಇರುವುದು ಜೀರ್ಣಾಂಗಗಳಲ್ಲಿ, ಮುಖ್ಯವಾಗಿ ಕರುಳಿನ ಒಳಪದರದ ಕೋಶಗಳಲ್ಲಿ. ಅಲ್ಲಿಂದ ರಕ್ತಕ್ಕೆ ಇಳಿದದ್ದನ್ನು ಪ್ಲೇಟ್‌ಲೆಟ್‌ಗಳು ಹೀರಿ ಒಳಗಿಟ್ಟುಕೊಳ್ಳುತ್ತವೆ. 1948ರಲ್ಲಿ ಇದನ್ನು ಬೇರ್ಪಡಿಸಿದ್ದೇ ರಕ್ತದ ಸೀರಂನಿಂದ. ಹೆಸರಿನ ಮೊದಲ ಅರ್ಧ ಬಂದದ್ದು ಅಲ್ಲಿಂದಲೇ. ಮಿದುಳಿನಲ್ಲೂ ಇದೆ ಎಂದು ಬೆಟ್ಟಿ ಟ್ವಾರೋಗ್ ತೋರಿಸಿದ್ದು ಆಮೇಲೆ, 1953ರಲ್ಲಿ. ಮಿದುಳು ತನಗೆ ಬೇಕಾದ ಸೆರೊಟೋನಿನ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ, ಅದೂ ಕರುಳು ಬಳಸುವ ಕಿಣ್ವದಿಂದಲ್ಲ, ಬೇರೊಂದು ಜೀನ್‌ನಿಂದ ಬರುವ ಕಿಣ್ವದಿಂದ. ಎರಡರ ನಡುವೆ ರಕ್ತ-ಮಿದುಳು ತಡೆಗೋಡೆ ಇದೆ. ಸೆರೊಟೋನಿನ್ ಆಗಲಿ ಡೋಪಮೀನ್ ಆಗಲಿ ಅದನ್ನು ದಾಟಲಾರವು. ದಾಟುವುದು ಅವುಗಳ ಕಚ್ಚಾವಸ್ತು: ಟ್ರಿಪ್ಟೊಫಾನ್, ಟೈರೋಸಿನ್, ಎಲ್-ಡೋಪಾ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೀನ್ ಬದಲು ಎಲ್-ಡೋಪಾ ಮಾತ್ರೆ ಕೊಡುವುದು ಇದಕ್ಕೇ. ಇವೆಲ್ಲ ಒಂದೇ ಬಾಗಿಲಿನಿಂದ ಒಳಹೋಗಬೇಕಾದ್ದರಿಂದ ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ಆ ಮಾತ್ರೆ ನುಂಗಿದರೆ ಅಮೈನೋ ಆಮ್ಲಗಳ ನೂಕುನುಗ್ಗಲಿನಲ್ಲಿ ಔಷಧ ಹಿಂದೆ ಬೀಳುತ್ತದೆ.

ರಕ್ತದ ಅಂಕಿ ಸುಮ್ಮನೆ ಅಪ್ರಸ್ತುತ ಆಗಿದ್ದರೆ ಅಷ್ಟು ತೊಂದರೆ ಇರಲಿಲ್ಲ. ಅದು ದಾರಿಯನ್ನೂ ತಪ್ಪಿಸುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ಸೆರೊಟೋನಿನ್ ಅನ್ನು ಮರಳಿ ಹೀರುವ ಸಾಗಣೆ ಪ್ರೋಟೀನನ್ನು ತಡೆಯುತ್ತವೆ. ಅದೇ ಪ್ರೋಟೀನ್ ಪ್ಲೇಟ್‌ಲೆಟ್‌ಗಳ ಮೇಲೂ ಇದೆ. ಹಾಗಾಗಿ ಮಿದುಳಿನ ನರಕೋಶಗಳ ನಡುವಿನ ಸಂದಿಯಲ್ಲಿ ಸೆರೊಟೋನಿನ್ ಹೆಚ್ಚುವಾಗ ಇತ್ತ ಪ್ಲೇಟ್‌ಲೆಟ್‌ಗಳು ಬರಿದಾಗಿ, ರಕ್ತದ ಒಟ್ಟು ಸೆರೊಟೋನಿನ್ ಕೆಲವು ವಾರಗಳಲ್ಲಿ ಪಾತಾಳಕ್ಕೆ ಇಳಿದಿರುತ್ತದೆ. ವರದಿ ನೋಡಿ ‘ಮಾತ್ರೆ ಕೆಲಸ ಮಾಡಿಲ್ಲ, ಇನ್ನೂ ಕಡಿಮೆಯಾಗಿದೆ’ ಎಂದುಕೊಂಡರೆ ಸತ್ಯವನ್ನು ತಲೆಕೆಳಗಾಗಿ ಓದಿದಂತೆ.

ಮೂತ್ರದ ಕಥೆಯೂ ಇಷ್ಟೆ. ಮೂತ್ರದಲ್ಲಿ ಸಿಗುವ ಡೋಪಮೀನ್ ಬಹುಪಾಲು ಮೂತ್ರಪಿಂಡದಲ್ಲೇ ತಯಾರಾದದ್ದು. ಉಪ್ಪು ಹೊರಹಾಕುವ ಕೆಲಸಕ್ಕೆ ಅದಕ್ಕೆ ಡೋಪಮೀನ್ ಬೇಕು. ‘ನರವಾಹಕಗಳ ಪ್ರೊಫೈಲ್’ ಎಂದು ಮೂತ್ರ ಪರೀಕ್ಷಿಸಿ, ಅದರ ಬೆನ್ನಿಗೇ ಪೂರಕ ಮಾತ್ರೆಗಳ ಪಟ್ಟಿ ಕೊಡುವವರ ಮಾತನ್ನು ನಂಬಬೇಡಿ.

ಈ ಪರೀಕ್ಷೆಗಳು ಸುಳ್ಳಲ್ಲ, ಅವು ಹುಡುಕುವುದು ಬೇರೆಯದನ್ನು. ಸೆರೊಟೋನಿನ್ ಸುರಿಸುವ ಕಾರ್ಸಿನಾಯ್ಡ್ ಗೆಡ್ಡೆಯ ಅನುಮಾನ ಇದ್ದರೆ 24 ಗಂಟೆಯ ಮೂತ್ರ ಸಂಗ್ರಹಿಸಿ, ಸೆರೊಟೋನಿನ್ ಒಡೆದಾಗ ಉಳಿಯುವ ವಸ್ತುವನ್ನು ಅಳೆಯುತ್ತಾರೆ. ಅದಕ್ಕೆ ಎರಡು ಮೂರು ದಿನ ಮೊದಲಿನಿಂದ ಬಾಳೆಹಣ್ಣು, ಅನಾನಸ್, ವಾಲ್‌ನಟ್, ಟೊಮ್ಯಾಟೊ ಬಿಡಬೇಕು, ಇಲ್ಲವಾದರೆ ಊಟವೇ ಗೆಡ್ಡೆಯ ವೇಷ ಹಾಕುತ್ತದೆ. ಮಕ್ಕಳ ನ್ಯೂರೋಬ್ಲಾಸ್ಟೋಮಾ ಗೆಡ್ಡೆಗೆ ಡೋಪಮೀನ್ ಮತ್ತು ನಾರ್‌ಅಡ್ರಿನಲಿನ್ ಒಡೆದ ತುಣುಕುಗಳನ್ನು ನೋಡುತ್ತಾರೆ. ಎಲ್ಲವೂ ಕತ್ತಿನಿಂದ ಕೆಳಗಿನ ವ್ಯವಹಾರ.

ಮಿದುಳಿಗೆ ಹತ್ತಿರವಾದ ದ್ರವ ಎಂದರೆ ಬೆನ್ನಿನ ನೀರು: ಮಿದುಳು, ಬೆನ್ನುಹುರಿಗಳ ಸುತ್ತ ಇರುವ, ಸೊಂಟದ ಬಳಿ ಸೂಜಿ ಚುಚ್ಚಿ ತೆಗೆಯುವ ದ್ರವ. ಹುಟ್ಟಿನಿಂದಲೇ ಡೋಪಮೀನ್, ಸೆರೊಟೋನಿನ್ ತಯಾರಿಯಲ್ಲಿ ದೋಷವಿರುವ ಅಪರೂಪದ ಮಕ್ಕಳಲ್ಲಿ ಇದನ್ನು ನಿಜವಾಗಿ ಪರೀಕ್ಷಿಸುತ್ತಾರೆ. ಆದರೆ ಅದರ ಕಟ್ಟುಪಾಡು ನೋಡಿ. ಇಲ್ಲಿ ಅಳೆಯುವುದೂ ಡೋಪಮೀನ್, ಸೆರೊಟೋನಿನ್ ಒಡೆದ ತುಣುಕುಗಳನ್ನೇ. ಮಿದುಳಿನಿಂದ ಸೊಂಟದ ಕಡೆಗೆ ಇಳಿದಂತೆ ಅವುಗಳ ಸಾಂದ್ರತೆ ಕಡಿಮೆಯಾಗುತ್ತದೆ, ಆದ್ದರಿಂದ ಮೊದಲು ಬಂದ ಹನಿಗೂ ಆಮೇಲಿನ ಹನಿಗೂ ಅಂಕಿ ಬೇರೆ. ಎಷ್ಟನೇ ನಳಿಕೆ ಯಾವ ಪರೀಕ್ಷೆಗೆ ಎಂಬುದು ಮೊದಲೇ ಗೊತ್ತಾಗಿರಬೇಕು. ತೆಗೆದ ತಕ್ಷಣ ಹೆಪ್ಪುಗಟ್ಟಿಸಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ರಕ್ತ ಬೆರೆತಿದ್ದರೆ ಹೆಪ್ಪುಗಟ್ಟಿಸುವ ಮೊದಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಿಳಿಯನ್ನು ಬೇರೆ ಮಾಡಬೇಕು, ಇಲ್ಲದಿದ್ದರೆ ಅಳೆಯಬೇಕಾದ ವಸ್ತುವೇ ಕೆಡುತ್ತದೆ. ನವಜಾತ ಶಿಶುವಿನಲ್ಲಿ ಈ ಅಂಕಿಗಳು ಹೆಚ್ಚಿದ್ದು ವಯಸ್ಸಾದಂತೆ ಇಳಿಯುವುದರಿಂದ ವಯಸ್ಸಿಗೆ ತಕ್ಕ ಪಟ್ಟಿ ಇಟ್ಟುಕೊಂಡೇ ಓದಬೇಕು. ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಇಡೀ ಮಿದುಳಿನ ಸರಾಸರಿ.

ಸರಾಸರಿಯಿಂದ ಪ್ರಯೋಜನ ಕಡಿಮೆ ಎಂದು ನರವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಪ್ರಯೋಗಾಲಯದಲ್ಲಿ ಅವರು ಮಿದುಳಿನ ಒಂದು ಸಣ್ಣ ಮೂಲೆಗೇ ಇಳಿಯುತ್ತಾರೆ. ಹಳೆಯ, ನಂಬಿಕಸ್ಥ ವಿಧಾನ ಮೈಕ್ರೋಡಯಾಲಿಸಿಸ್. ಇಲಿಯ ಮಿದುಳಿಗೆ ಅರ್ಧ ಮಿಲಿಮೀಟರಿಗೂ ಸಪೂರವಾದ, ತುದಿಯಲ್ಲಿ 1ರಿಂದ 4 ಮಿಲಿಮೀಟರ್ ಸೋಸುಪೊರೆ ಇರುವ ಕೊಳವೆ ಇಳಿಸಿ, ನಿಮಿಷಕ್ಕೆ 1–2 ಮೈಕ್ರೋಲೀಟರಿನಂತೆ ಲವಣದ ದ್ರವ ಹರಿಸುತ್ತಾರೆ. ಹೊರಬಂದದ್ದನ್ನು 10–20 ನಿಮಿಷಕ್ಕೊಮ್ಮೆ ಹಿಡಿದು ಅಳೆಯುತ್ತಾರೆ. ಹರಿವು ನಿಧಾನ ಮಾಡಿದರೆ ಹೊರಬಂದ ದ್ರವದಲ್ಲಿ ಡೋಪಮೀನ್ ಸಾಂದ್ರತೆ ಹೆಚ್ಚುತ್ತದೆ, ಆದರೆ ಒಂದು ಮಾದರಿಗೆ ಕಾಯಬೇಕಾದ ಹೊತ್ತೂ ಹೆಚ್ಚುತ್ತದೆ. ಕೊಳವೆ ಇಳಿಸಿದ ಕೂಡಲೇ ಅಳೆಯತೊಡಗುವುದು ದೊಡ್ಡ ತಪ್ಪು: ಆಗ ಸಿಗುವುದು ಗಾಯಗೊಂಡ ಕೋಶಗಳಿಂದ ಸೋರಿದ್ದು. ಸಿಕ್ಕಿದ್ದು ನರಕೋಶ ನಿಜವಾಗಿ ಬಿಡುಗಡೆ ಮಾಡಿದ್ದೇ ಎಂದು ತಿಳಿಯಲು ದ್ರವದಿಂದ ಕ್ಯಾಲ್ಸಿಯಂ ತೆಗೆದು ನೋಡುತ್ತಾರೆ. ಕ್ಯಾಲ್ಸಿಯಂ ಇಲ್ಲದೆ ನರಕೋಶ ಬಿಡುಗಡೆ ಮಾಡಲಾರದು, ಆದ್ದರಿಂದ ಅಂಕಿ ಕುಸಿಯಲೇಬೇಕು.

ಇನ್ನೂ ವೇಗ ಬೇಕಾದರೆ 7 ಮೈಕ್ರೋಮೀಟರ್ ದಪ್ಪದ ಇಂಗಾಲದ ಎಳೆ ಬಳಸುತ್ತಾರೆ. ಅದರ ವೋಲ್ಟೇಜನ್ನು ಸೆಕೆಂಡಿಗೆ 10 ಬಾರಿ ಮೈನಸ್ 0.4ರಿಂದ ಪ್ಲಸ್ 1.3ಕ್ಕೆ ಏರಿಸಿ ಇಳಿಸುತ್ತಾರೆ. ಡೋಪಮೀನ್ ಇದ್ದರೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಗುರುತು ಮೂಡಿಸುತ್ತದೆ. ಆದರೆ ಹಿನ್ನೆಲೆಯ ವಿದ್ಯುತ್ತನ್ನು ಕಳೆದೇ ಲೆಕ್ಕ ಹಾಕಬೇಕಾದ್ದರಿಂದ ಸಿಗುವುದು ಏರಿಳಿತ ಮಾತ್ರ, ‘ಇಷ್ಟಿದೆ’ ಎಂಬ ಮೊತ್ತವಲ್ಲ. ನಾರ್‌ಅಡ್ರಿನಲಿನ್ ಕೂಡ ಹೆಚ್ಚುಕಡಿಮೆ ಇದೇ ಗುರುತು ಕೊಡುತ್ತದೆ.

ಮನುಷ್ಯರಲ್ಲಿ ಇದಕ್ಕೆ ದಾರಿ ಪೆಟ್ ಸ್ಕ್ಯಾನ್. ಡೋಪಮೀನ್ ಕೂರುವ ಡಿ2 ಗ್ರಾಹಕಗಳಿಗೆ ಅಂಟುವ ರಾಕ್ಲೋಪ್ರೈಡ್ ಎಂಬ ವಸ್ತುವಿಗೆ ವಿಕಿರಣಶೀಲ ಇಂಗಾಲ-11 ಸೇರಿಸಿ ಚುಚ್ಚುತ್ತಾರೆ. ಡೋಪಮೀನ್ ಬಿಡುಗಡೆಯಾದರೆ ಅದು ಆ ಜಾಗ ಹಿಡಿದು, ರಾಕ್ಲೋಪ್ರೈಡ್‌ನ ಹೊಳಪು ತಗ್ಗುತ್ತದೆ. 1998ರಲ್ಲಿ ವಿಡಿಯೋ ಗೇಮ್ ಆಡುವವರಲ್ಲಿ ಡೋಪಮೀನ್ ಬಿಡುಗಡೆಯನ್ನು ತೋರಿಸಿದ್ದು ಹೀಗೆಯೇ. ಇಂಗಾಲ-11ರ ಅರ್ಧಾಯು ಬರೀ 20 ನಿಮಿಷ, ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಬೇಕು. ಸ್ಕ್ಯಾನ್ ಮಧ್ಯೆ ತಲೆ ಕೊಂಚ ಅಲುಗಿದರೂ ಲೆಕ್ಕ ಹಾಳು. ಇದು ಸಂಶೋಧನೆಗೆ ಸರಿ, ರೋಗನಿರ್ಣಯಕ್ಕಲ್ಲ.

ಇಷ್ಟು ಕಷ್ಟಪಟ್ಟು ಜಾಗ, ಹೊತ್ತು ಎರಡನ್ನೂ ಹಿಡಿಯಲು ಹೊರಡುವುದು ಏಕೆಂದರೆ ನಡವಳಿಕೆ ನಿಂತಿರುವುದೇ ಅವುಗಳ ಮೇಲೆ. ಬೆಳವಣಿಗೆಯ ಸಂಶೋಧನೆಯಲ್ಲಿ ಇದು ಎದ್ದು ಕಾಣುತ್ತದೆ. ಸೆರೊಟೋನಿನ್ ಒಡೆಯುವ ಎಂಎಒ-ಎ ಕಿಣ್ವ ಇಲ್ಲದಂತೆ ಸಾಕಿದ ಇಲಿಮರಿಗಳನ್ನು 1995ರಲ್ಲಿ ವರದಿ ಮಾಡಲಾಯಿತು. ಅವುಗಳ ಮಿದುಳಿನಲ್ಲಿ ಸೆರೊಟೋನಿನ್ ಒಂಬತ್ತು ಪಟ್ಟುವರೆಗೆ ಏರಿತ್ತು, ಗಂಡುಗಳು ದೊಡ್ಡವಾದ ಮೇಲೆ ಜಗಳಗಂಟಿಗಳಾದವು. ಮೀಸೆಯ ಒಂದೊಂದು ಕೂದಲಿಗೂ ಮಿದುಳಿನ ಹೊರಪದರದಲ್ಲಿ ಇರಬೇಕಾದ ಪುಟ್ಟ ಪೀಪಾಯಿಯಾಕಾರದ ಕೋಶಗುಚ್ಛಗಳು ಇವುಗಳಲ್ಲಿ ಮೂಡಲೇ ಇಲ್ಲ. ಹುಟ್ಟಿದ ಮೊದಲ ಕೆಲವು ದಿನ ಸೆರೊಟೋನಿನ್ ತಯಾರಿಯನ್ನು ತಡೆಯುವ ಔಷಧ ಕೊಟ್ಟಾಗ ಅವು ಮೂಡಿದವು. ಆ ಕೆಲವು ದಿನ ಕಳೆದ ಮೇಲೆ ಮಟ್ಟ ಸರಿಪಡಿಸಿದರೂ ನಕ್ಷೆ ತಿರುಗಿ ಬರುವುದಿಲ್ಲ. ದೊಡ್ಡ ಇಲಿಯ ಒಂದು ದಿನದ ಅಂಕಿ ನೋಡಿದವರಿಗೆ ಈ ಇತಿಹಾಸ ಕಾಣುವುದೇ ಇಲ್ಲ.

ಇನ್ನು, ಅಳೆಯದೆ ಮಾತ್ರೆ ಹೇಗೆ ಎಂಬುದು. ‘ಸೆರೊಟೋನಿನ್ ಕಡಿಮೆಯಾದ್ದರಿಂದ ಖಿನ್ನತೆ’ ಎಂಬ ಸರಳ ವಿವರಣೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ತಲೆನೋವಿಗೆ ಪ್ಯಾರಾಸಿಟಮಾಲ್ ಕೊಡುವುದು ಅದರ ಕೊರತೆ ಕಂಡು ಅಲ್ಲವಲ್ಲ. ಔಷಧದಿಂದ ಗುಣ ಸಿಗುತ್ತದೆ ಎಂದಮಾತ್ರಕ್ಕೆ ಅದು ಯಾವುದೋ ಕೊರತೆ ತುಂಬುತ್ತಿದೆ ಎಂದಲ್ಲ. ವೈದ್ಯರು ನೋಡುವುದು ಲಕ್ಷಣಗಳನ್ನು: ಎಷ್ಟು ವಾರದಿಂದ, ನಿದ್ರೆ ಹಸಿವು ಹೇಗಿದೆ, ಸಾಯುವ ಯೋಚನೆ ಬರುತ್ತದೆಯೇ. ಬಂದಿದ್ದರೆ ಪರೀಕ್ಷೆ, ವರದಿ ಎಂದು ಕಾಯದೆ ಇವತ್ತೇ ಅವರಿಗೆ ಹೇಳಿ. ರಕ್ತ ಕೊಡುವುದೇ ಆದರೆ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿ. ಇವುಗಳ ಏರುಪೇರು ಖಿನ್ನತೆಯಂತೆಯೇ ಕಾಣಬಲ್ಲದು, ಮತ್ತು ಸರಿಪಡಿಸಬಹುದು. ಮಾತ್ರೆ ಹಿಡಿಯಿತೇ ಎಂದು ತಿಳಿಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಡುವೆ ಸ್ವಂತವಾಗಿ ನಿಲ್ಲಿಸಬೇಡಿ.

ಮಿದುಳಿನಲ್ಲಿ ಸೆರೊಟೋನಿನ್ ಅಪಾಯಕಾರಿಯಾಗಿ ಏರುವ ‘ಸೆರೊಟೋನಿನ್ ಸಿಂಡ್ರೋಮ್’ ಎಂಬ ತುರ್ತುಸ್ಥಿತಿಯೂ ಉಂಟು, ಹೊಂದಿಕೆಯಾಗದ ಎರಡು ಔಷಧ ಸೇರಿದಾಗ ಸಾಮಾನ್ಯವಾಗಿ ಆಗುವಂಥದ್ದು. ಅಲ್ಲಿಯೂ ರಕ್ತದ ಸೆರೊಟೋನಿನ್ ಅಂಕಿ ಕೇಳುವುದಿಲ್ಲ. ವೈದ್ಯರು ರೋಗಿಯ ಪಾದವನ್ನು ಥಟ್ಟನೆ ಮೇಲಕ್ಕೆ ಬಗ್ಗಿಸಿ ಹಿಡಿದು, ಅದು ಒಂದೇ ಸಮನೆ ಎಗರುತ್ತದೆಯೇ ಎಂದು ನೋಡುತ್ತಾರೆ.