ನೆಲದಿಂದ ಪುಟಿಯುವ ಬಲ: ಕ್ರಿಕೆಟಿಗರಿಗೆ ಪ್ಲೈಯೊಮೆಟ್ರಿಕ್ ತರಬೇತಿ

ವೇಗದ ಬೌಲರ್ ಚೆಂಡೆಸೆಯುವ ಮುನ್ನ ಅವರ ಮುಂದಿನ ಕಾಲು ಕ್ರೀಸಿನ ಬಳಿ ನೆಲಕ್ಕೆ ಅಪ್ಪಳಿಸಿದಾಗ, ಆ ಒಂದೇ ಕಾಲಿನ ಮೇಲೆ ದೇಹತೂಕದ ಐದರಿಂದ ಏಳು ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು, ಬಲ ಬೀಳುತ್ತದೆ. ಈ ಬಲ ಗರಿಷ್ಠ ಮಟ್ಟಕ್ಕೇರಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಮೊಣಕಾಲು ಕುಸಿಯದೆ ನಿಂತರೆ ಓಟದಲ್ಲಿ ಗಳಿಸಿದ ವೇಗವು ಸೊಂಟ, ಮುಂಡ, ಭುಜಗಳ ಮೂಲಕ ಚೆಂಡಿಗೆ ದಾಟುತ್ತದೆ. ಕುಸಿದರೆ ಅದರ ದೊಡ್ಡ ಪಾಲು ಅಲ್ಲಿಯೇ ವ್ಯರ್ಥವಾಗುತ್ತದೆ. ಸ್ನಾಯುವೊಂದು ತನ್ನ ಗರಿಷ್ಠ ಬಲವನ್ನು ಹೊರಹಾಕಲು ಸುಮಾರು 300 ಮಿಲಿಸೆಕೆಂಡು ಅಥವಾ ಅದಕ್ಕೂ ಹೆಚ್ಚು ಸಮಯ ಬೇಕು. ಆದ್ದರಿಂದ ಭಾರ ಎತ್ತಿ ಎಷ್ಟೇ ಬಲಶಾಲಿಯಾದರೂ, ಆ ಬಲವನ್ನು ಕ್ಷಣಾರ್ಧದಲ್ಲಿ ಬಳಸಲು ದೇಹವನ್ನು ಪ್ರತ್ಯೇಕವಾಗಿ ಪಳಗಿಸಬೇಕಾಗುತ್ತದೆ. ಜಿಗಿತ, ಪುಟಿತಗಳಂಥ ಪ್ಲೈಯೊಮೆಟ್ರಿಕ್ ವ್ಯಾಯಾಮಗಳ ಉದ್ದೇಶವೇ ಇದು.

ಸ್ನಾಯು ಬಿಗಿದುಕೊಂಡಿರುವಾಗಲೇ ಅದನ್ನು ಥಟ್ಟನೆ ಎಳೆದರೆ, ಅದಕ್ಕೆ ಅಂಟಿಕೊಂಡಿರುವ ಸ್ನಾಯುರಜ್ಜು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಅದೇ ಹೊತ್ತಿಗೆ ಸ್ನಾಯುವಿನೊಳಗಿನ ಸಂವೇದಕಗಳು ಮಿದುಳಿನ ಅಪ್ಪಣೆಗೆ ಕಾಯದೆ, ಬೆನ್ನುಹುರಿಯ ಮಟ್ಟದಲ್ಲಿಯೇ ಸ್ನಾಯುವನ್ನು ಸಂಕುಚಿಸುವ ಪ್ರತಿವರ್ತನೆಯನ್ನು ಹುಟ್ಟಿಸುತ್ತವೆ. ಎಳೆತದ ಬೆನ್ನಿಗೇ ಸಂಕುಚನ ನಡೆದರೆ ಈ ಎರಡರ ಲಾಭವೂ ಸಿಗುತ್ತದೆ. ನಡುವೆ ತಡವಾದರೆ ಕೂಡಿಟ್ಟ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಹೀಗಾಗಿ ಈ ತರಬೇತಿಯಲ್ಲಿ ಎಷ್ಟು ಎತ್ತರ ಜಿಗಿದರು ಎಂಬುದರಷ್ಟೇ ಪಾದ ಎಷ್ಟು ಹೊತ್ತು ನೆಲದ ಮೇಲಿತ್ತು ಎಂಬುದೂ ಮುಖ್ಯ. ಜಿಗಿತದ ಎತ್ತರವನ್ನು ನೆಲಸ್ಪರ್ಶದ ಅವಧಿಯಿಂದ ಭಾಗಿಸಿ ಪ್ರಗತಿಯನ್ನು ಅಳೆಯುವ ರೂಢಿ ಬಂದಿರುವುದು ಇದಕ್ಕಾಗಿಯೇ. ಸ್ಪರ್ಶ 250 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಅದನ್ನು ಎಳೆತ-ಸಂಕುಚನದ ವೇಗದ ಚಕ್ರವೆಂದು ಗುರುತಿಸುತ್ತಾರೆ.

ಎತ್ತರದಿಂದ ಇಳಿದು ತಕ್ಷಣ ಪುಟಿಯುವ ಜಿಗಿತವನ್ನು ವ್ಯವಸ್ಥಿತ ತರಬೇತಿಯಾಗಿ ರೂಪಿಸಿದವರು ಸೋವಿಯತ್ ಒಕ್ಕೂಟದ ಯೂರಿ ವೆರ್ಖೋಶಾನ್ಸ್ಕಿ. ಅವರು ಅದನ್ನು ರೂಪಿಸಿದ್ದು ಅಥ್ಲೆಟಿಕ್ಸ್‌ನ ಜಿಗಿತಗಾರರಿಗಾಗಿ. ಕ್ರಿಕೆಟಿಗರು ಅದನ್ನು ಹಾಗೆಯೇ ನಕಲು ಮಾಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಕ್ರಿಕೆಟಿನ ಚಲನೆಗಳು ಹೆಚ್ಚಾಗಿ ಒಂದೇ ಕಾಲಿನ ಮೇಲೆ, ಅಡ್ಡಕ್ಕೆ ಅಥವಾ ತಿರುಚುತ್ತಾ ನಡೆಯುತ್ತವೆ. ಬ್ಯಾಟರ್ ಚೆಂಡನ್ನು ಹೊಡೆಯುವ ಗಳಿಗೆಯಲ್ಲಿ ಒಳವೃತ್ತದ ಫೀಲ್ಡರ್ ಹಾಕುವ ಪುಟ್ಟ ಕುಪ್ಪಳಿಕೆಯೂ ಪ್ಲೈಯೊಮೆಟ್ರಿಕ್ ಕ್ರಿಯೆಯೇ: ನೆಲ ಮುಟ್ಟುವಾಗ ಕಾಲಿನ ಸ್ನಾಯುಗಳು ಬಿಗಿದುಕೊಳ್ಳುವುದರಿಂದ ಎಡಕ್ಕಾಗಲಿ ಬಲಕ್ಕಾಗಲಿ ಮೊದಲ ಹೆಜ್ಜೆ ಬೇಗ ಹೊರಡುತ್ತದೆ. ಇದಕ್ಕೆ ಅಡ್ಡ ಜಿಗಿತಗಳು ನೆರವಾಗುತ್ತವೆ. ಎರಡನೇ ರನ್ನಿಗೆ ತಿರುಗುವಾಗ ವೇಗವನ್ನು ತಡೆದು ಮತ್ತೆ ಹೊರಡುವ ಸಾಮರ್ಥ್ಯಕ್ಕೂ ಅವು ಉಪಯುಕ್ತ. ಬ್ಯಾಟಿಂಗ್ ಮತ್ತು ಎಸೆತಗಳಿಗೆ ಮೆಡಿಸಿನ್ ಬಾಲನ್ನು (ವ್ಯಾಯಾಮಕ್ಕೆ ಬಳಸುವ ಭಾರವಾದ ಚೆಂಡು) ಸೊಂಟ ತಿರುಗಿಸಿ ಗೋಡೆಗೆ ಎಸೆಯುವ ಅಭ್ಯಾಸ ಹೊಂದುತ್ತದೆ. ಆದರೆ ಇದರಿಂದ ಹೊಡೆತಕ್ಕೆ ಬಲ ಬರಬಹುದೇ ಹೊರತು ಚೆಂಡನ್ನು ಗುರುತಿಸುವ ಕಣ್ಣು, ಹೊಡೆತವನ್ನು ಆರಿಸುವ ವಿವೇಚನೆ ಬರುವುದಿಲ್ಲ. ಅವಕ್ಕೆ ನೆಟ್ಸ್ ಅಭ್ಯಾಸವೇ ಬೇಕು.

ಆಟಗಾರರು ಸುಸ್ತಾಗಿ ಕುಸಿಯುವವರೆಗೆ ಜಿಗಿಸುವುದು ಈ ತರಬೇತಿಯ ಅತ್ಯಂತ ಹಾನಿಕರ ದುರ್ಬಳಕೆಯೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ದಣಿದ ಕಾಲು ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ಮೊಣಕಾಲು ಒಳಕ್ಕೆ ವಾಲುತ್ತದೆ, ಕಲಿಯಬೇಕಾದದ್ದರ ವಿರುದ್ಧವನ್ನೇ ದೇಹ ಕಲಿಯುತ್ತದೆ. ಹೊಸಬರು ಮೊದಲು ಸದ್ದಿಲ್ಲದೆ, ಮೊಣಕಾಲು ಪಾದದ ನೇರಕ್ಕಿರುವಂತೆ ಇಳಿಯುವುದನ್ನು ರೂಢಿಸಿಕೊಳ್ಳಬೇಕು. ಒಂದು ತರಬೇತಿ ಅವಧಿಗೆ 80ರಿಂದ 100 ನೆಲಸ್ಪರ್ಶ ಅವರಿಗೆ ಸಾಕು. ಎರಡು ಅವಧಿಗಳ ನಡುವೆ 48ರಿಂದ 72 ಗಂಟೆಗಳ ಬಿಡುವಿರಬೇಕು, ನೆಲ ಕಾಂಕ್ರೀಟ್ ಆಗಿರದೆ ಹುಲ್ಲೋ ರಬ್ಬರ್ ಹಾಸೋ ಆಗಿರಬೇಕು.

ಎಳೆಯ ವೇಗದ ಬೌಲರ್‌ಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಅವರ ಬೆನ್ನುಮೂಳೆಯ ಕೆಳಭಾಗ ಇನ್ನೂ ಗಟ್ಟಿಯಾಗುತ್ತಿರುತ್ತದೆ, ಅಲ್ಲಿ ಒತ್ತಡದಿಂದ ಬಿರುಕು ಬೀಳುವುದು ಅಪರೂಪವೇನಲ್ಲ, ಬಿದ್ದರೆ ತಿಂಗಳುಗಟ್ಟಲೆ ಮೈದಾನದಿಂದ ದೂರ ಉಳಿಯಬೇಕಾಗುತ್ತದೆ. ಪ್ರತಿ ಎಸೆತವೂ ಒಂಟಿ ಕಾಲಿನ ಒಂದು ತೀವ್ರ ನೆಲಸ್ಪರ್ಶವೇ ಆಗಿರುವುದರಿಂದ, ಹತ್ತು ಓವರ್ ಎಸೆದ ಬೌಲರ್ ಆ ದಿನ ಕನಿಷ್ಠ 60 ಬಾರಿ ಆ ಹೊಡೆತವನ್ನು ತಾಳಿಕೊಂಡಿರುತ್ತಾರೆ. ಅವರ ವಾರದ ಜಿಗಿತಗಳನ್ನು ನಿಗದಿಪಡಿಸುವ ತರಬೇತುದಾರರು ಎಸೆತಗಳನ್ನೂ ಅದೇ ಲೆಕ್ಕಕ್ಕೆ ಸೇರಿಸಿ, ಪಂದ್ಯಗಳು ಹೆಚ್ಚಿರುವ ವಾರಗಳಲ್ಲಿ ಜಿಗಿತಗಳನ್ನು ಕಡಿತಗೊಳಿಸಬೇಕು.