ಸುಣ್ಣ ಇಲ್ಲದ ಟಾಕೊ

ಟಾಕೊ (ಹೂರಣ ತುಂಬಿ ಮಡಚಿದ ಮೆಕ್ಸಿಕನ್ ತಿಂಡಿ) ಕೈಯಲ್ಲೇ ಒಡೆದುಹೋಗುತ್ತದೆ ಅಂತ ಗಿರಾಕಿಗಳು ದೂರಿದರೆ ಮಾಲೀಕರು ಮೊದಲು ಸಾಸ್ ಬದಲಾಯಿಸುತ್ತಾರೆ. ಆಮೇಲೆ ಚೀಸ್. ಆಮೇಲೆ ಅಡುಗೆಯವನನ್ನೇ. ಇಷ್ಟೆಲ್ಲ ಆದ ಮೇಲೆ ಕಿಚನ್ ಸಲಹೆಗಾರನಾದ ನನಗೆ ಫೋನ್ ಬರುತ್ತದೆ.

ಈಚೆಗೆ ಇಂದಿರಾನಗರದ ಒಂದು ಹೊಸ ಮೆಕ್ಸಿಕನ್ ರೆಸ್ಟೋರೆಂಟ್‌ಗೆ ಹೀಗೇ ಹೋಗಿದ್ದೆ. ಹೆಸರು ಬೇಡ. ಗೋಡೆ ತುಂಬ ಕಳ್ಳಿ ಗಿಡದ ಚಿತ್ರ, ಬಣ್ಣದ ತಲೆಬುರುಡೆ, ಮಾತು ಕೇಳಿಸದಷ್ಟು ಸಂಗೀತ. ಮರದ ಹಲಗೆಯ ಮೇಲೆ ಟಾಕೊ ಬಂತು. ಎರಡನೇ ತುತ್ತಿಗೇ ಮಡಿಕೆಯ ಉದ್ದಕ್ಕೂ ಸೀಳಿ ರಾಜ್ಮಾ, ಈರುಳ್ಳಿ ಎಲ್ಲ ಹಲಗೆ ಪಾಲು. ಪಕ್ಕದ ಟೇಬಲ್‌ನವರು ಆಗಲೇ ಸ್ಪೂನ್ ತರಿಸಿಕೊಂಡಿದ್ದರು. ಸಾಲ್ಸಾ ಚಟ್ನಿಯಲ್ಲಿ ಕೆಚಪ್ ರುಚಿ. ಬೆಣ್ಣೆ ಹಣ್ಣು ಮಾತ್ರ ಚೆನ್ನಾಗಿತ್ತು, ಕೊಡಗಿನದಂತೆ.

"ಸರ್, ಖಾರ ಜಾಸ್ತಿ ಮಾಡಬೇಕಾ?" ಅಂತ ಮಾಲೀಕರು ಕೇಳಿದರು.

"ಟಾರ್ಟಿಯಾ ಯಾವ ಹಿಟ್ಟಲ್ಲಿ ಮಾಡ್ತೀರಿ?" ಅಂತ ನಾನು ಕೇಳಿದೆ. ಟಾರ್ಟಿಯಾ ಅಂದರೆ ಟಾಕೊಗೆ ಮಡಚುವ ತೆಳು ರೊಟ್ಟಿ.

"ಮೆಕ್ಕೆಜೋಳದ್ದೇ ಸರ್. ಪ್ಯೂರ್."

ತೊಂದರೆ ಇರುವುದೇ ಅಲ್ಲಿ. ಅಂಗಡಿಯಲ್ಲಿ ಸಿಗುವ ಮೆಕ್ಕೆಜೋಳದ ಹಿಟ್ಟು ಒಣ ಕಾಳನ್ನು ಹಾಗೇ ಬೀಸಿದ್ದು. ಟಾರ್ಟಿಯಾಗೆ ಬೇಕಾದ ಹಿಟ್ಟು ಮಸಾ, ಅದು ಬೇರೆ. ಮೆಕ್ಸಿಕೊದಲ್ಲಿ ಕಾಳನ್ನು ಮೊದಲು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ, ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಡುತ್ತಾರೆ, ಬೆಳಿಗ್ಗೆ ತೊಳೆದು ಅರೆಯುತ್ತಾರೆ. ಸಾವಿರಾರು ವರ್ಷಗಳಿಂದ ಹೀಗೇ ನಡೆದು ಬಂದಿದೆ. ಇದಕ್ಕೆ ನಿಕ್ಸ್ಟಮಲೈಸೇಶನ್ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ಸುಣ್ಣ ಮರೆಯಬೇಡಿ.

ಇಷ್ಟು ಹೇಳಿದ ಮೇಲೂ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಜೋಳದ ರೊಟ್ಟಿ ಬರೀ ಬಿಸಿನೀರಲ್ಲಿ ಆಗುತ್ತಲ್ವಾ ಸರ್? ಇದೂ ಹಾಗೇ ಆಗಲ್ವಾ?" ರೊಟ್ಟಿ ಆಗುತ್ತದೆ. ಟಾಕೊ ಆಗುವುದಿಲ್ಲ. ಜೋಳಕ್ಕೂ ಮೆಕ್ಕೆಜೋಳಕ್ಕೂ ಗೋಧಿಯಲ್ಲಿರುವ, ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ. ಕುದಿಯುವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಒಂದಿಷ್ಟು ಬೆಂದು ಅಂಟು ಬರುತ್ತದೆ. ಬಡಿದು, ಸುಟ್ಟು, ಮುರಿದು ಪಲ್ಯದ ಜೊತೆ ತಿನ್ನಲು ಅಷ್ಟು ಸಾಕು. ರೊಟ್ಟಿಯನ್ನು ಮುರಿದೇ ತಿನ್ನುತ್ತೇವೆ. ಟಾಕೊದಲ್ಲಿ ಹಾಗಲ್ಲ. ಒದ್ದೆ ಹೂರಣ ತುಂಬಿ, ಮಡಚಿ, ಕೈಯಲ್ಲಿ ಎತ್ತಿ ತಿನ್ನಬೇಕು, ಕೊನೆಯ ತುತ್ತಿನವರೆಗೂ ಸೀಳಬಾರದು. ಸುಣ್ಣ ಕಾಳಿನ ಸಿಪ್ಪೆಯನ್ನು ಕರಗಿಸುತ್ತದೆ. ಸಿಪ್ಪೆಯೊಳಗಿನ ಅಂಟಿನಂಥ ಅಂಶ ಹೊರಬಂದು ಹಿಟ್ಟನ್ನು ಹಿಡಿದಿಡುತ್ತದೆ. ಟಾರ್ಟಿಯಾ ಬಿಸಿ ಮಾಡಿದಾಗ ಬರುವ ಆ ಘಮವೂ ಸುಣ್ಣದಿಂದಲೇ. ಬಿಸಿನೀರು ಎಷ್ಟೇ ಹಾಕಿದರೂ ಈ ಕೆಲಸ ಆಗುವುದಿಲ್ಲ. ಎಣ್ಣೆ ಹಾಕಿದರೂ ಆಗುವುದಿಲ್ಲ. ಕಾರ್ನ್‌ಫ್ಲೋರ್ ಬೆರೆಸಿದರಂತೂ ಇನ್ನೂ ಕೆಟ್ಟದು.

"ಸುಣ್ಣನಾ? ಊಟಕ್ಕಾ?" ಅಂತ ಮಾಲೀಕರು ಹುಬ್ಬೇರಿಸಿದರು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ! ಅವರ ಹೆದರಿಕೆ ಪೂರ್ತಿ ತಪ್ಪೂ ಅಲ್ಲ. ಗೋಡೆಗೆ ಬಳಿಯುವ ಸುಣ್ಣ ಖಂಡಿತ ಬೇಡ. ಆಹಾರ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂತ ಲೇಬಲ್ ಇದ್ದರೆ ಮಾತ್ರ ತೆಗೆದುಕೊಳ್ಳಿ. ಒಂದು ಕಿಲೋ ಕಾಳಿಗೆ ಸುಮಾರು 10 ಗ್ರಾಂ ಸಾಕು. ಸ್ಟೀಲ್ ಪಾತ್ರೆ ಬಳಸಿ, ಅಲ್ಯೂಮಿನಿಯಂ ಬೇಡ. ಪುಡಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಎಷ್ಟು ಹೊತ್ತು ಬೇಯಬೇಕು ಅನ್ನುವುದು ಕಾಳಿನ ಮೇಲೆ ಹೋಗುತ್ತದೆ, ಹಾಗಾಗಿ ಗಡಿಯಾರ ನೋಡಬೇಡಿ, ಕಾಳು ನೋಡಿ. ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬೇಕು, ಮುರಿದರೆ ಒಳಗೆ ಸ್ವಲ್ಪ ಗಟ್ಟಿ ಉಳಿದಿರಬೇಕು. ನಮ್ಮ ಇಡ್ಲಿ ಗ್ರೈಂಡರ್‌ನಲ್ಲಿ ಅರೆಯಬಹುದು. ಆದರೆ ಅದು ತಿರುಗಲು ನೀರು ಜಾಸ್ತಿ ಕೇಳುತ್ತದೆ, ಹಿಟ್ಟು ಸಡಿಲವಾಗುತ್ತದೆ. ಆಗ ಒಣ ಮಸಾ ಹಿಟ್ಟು ಸ್ವಲ್ಪ ಬೆರೆಸಿ ಗಟ್ಟಿ ಮಾಡಿಕೊಳ್ಳಬೇಕು.

ಆ ಅಡುಗೆಮನೆಯಲ್ಲಿ ಟಾರ್ಟಿಯಾ ಒತ್ತುತ್ತಿದ್ದ ಹುಡುಗ ಹಾವೇರಿ ಕಡೆಯವನು. ಬೈಗುಳ ಪೂರ್ತಿ ಅವನ ಪಾಲಿಗೇ ಬಂದಿತ್ತು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ನಮ್ಮಪ್ಪ ಗೋವಿನಜೋಳಾನ ಬೆಳಿತಾನ್ರಿ ಸರ. ಎಲ್ಲಾ ಕೋಳಿ ಫೀಡಿಗೆ ಹೋಗ್ತೈತ್ರಿ" ಅಂದ. ಸುಣ್ಣದ ವಿಷಯ ಹೇಳಿದಾಗ ಅವನು ವಾದ ಮಾಡಲಿಲ್ಲ. ಮನೆಯಿಂದ ಕಾಳು ತರಿಸಿ ನೋಡಲಾ ಅಂದ. ನೋಡಪ್ಪಾ ಅಂದೆ. ಕೋಳಿಗೆಂದು ಬೆಳೆದ ಕಾಳು ತುಸು ಗಟ್ಟಿ, ಜಾಸ್ತಿ ಹೊತ್ತು ಬೇಯಬೇಕಾಗಬಹುದು. ಬಿತ್ತನೆಗೆ ಇಟ್ಟ ಕಾಳು ಮಾತ್ರ ಬೇಡವೇ ಬೇಡ, ಅದಕ್ಕೆ ಔಷಧಿ ಹಚ್ಚಿರುತ್ತಾರೆ.

ಸುಣ್ಣ ಬಿಟ್ಟ ತಪ್ಪನ್ನು ಇಡೀ ಯುರೋಪ್ ಮಾಡಿತ್ತು. ಅಮೆರಿಕ ಖಂಡದಿಂದ ಮೆಕ್ಕೆಜೋಳ ಒಯ್ದರು, ಬೇಯಿಸುವ ವಿಧಾನ ಅಲ್ಲೇ ಬಿಟ್ಟರು. ಸುಣ್ಣ ಇಲ್ಲದೆ ಆ ಕಾಳಿನ ನಯಾಸಿನ್ ಅನ್ನುವ ವಿಟಮಿನ್ ನಮ್ಮ ಮೈಗೆ ಸರಿಯಾಗಿ ಸಿಗುವುದಿಲ್ಲ. ಅದನ್ನೇ ನಂಬಿಕೊಂಡಿದ್ದ ಬಡವರಿಗೆ ಉತ್ತರ ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಪೆಲಾಗ್ರ ಅನ್ನುವ ಕಾಯಿಲೆ ಬಂತು. ಅದು ಸೋಂಕಲ್ಲ, ಊಟದ ಕೊರತೆ ಅಂತ ಅಮೆರಿಕದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ವರ್ಷಗಟ್ಟಲೆ ಹೇಳಬೇಕಾಯಿತು. ತಿಂಗಳಿಗೊಮ್ಮೆ ಟಾಕೊ ತಿನ್ನುವವರು ಹೆದರಬೇಕಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಪಾಡು ಬೇಡ ಅನ್ನುವವರು ರೆಡಿ ಮಸಾ ಹಿಟ್ಟು ತರಿಸಿಕೊಳ್ಳಿ. ಪ್ಯಾಕೆಟ್ ಹಿಂದೆ ಸುಣ್ಣದ ಹೆಸರು ಇದೆಯಾ ಅಂತ ನೋಡಿ. ಅದೂ ದುಬಾರಿಯಾದರೆ ಗೋಧಿಯದ್ದೇ ಮಾಡಿ. ಸೊನೋರಾದಂಥ ಉತ್ತರ ಮೆಕ್ಸಿಕೊದ ಕಡೆ ಗೋಧಿ ಟಾರ್ಟಿಯಾನೇ ಮನೆಯೂಟ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಆದರೆ ಕದ್ದುಮುಚ್ಚಿ ಮಾಡಬೇಡಿ. ಒಡೆಯಬಾರದು ಅಂತ ಮೆಕ್ಕೆಜೋಳದ ಹಿಟ್ಟಿಗೆ ಮೈದಾ ಬೆರೆಸಿ, ಮೆನುವಿನಲ್ಲಿ ಕಾರ್ನ್ ಟಾರ್ಟಿಯಾ ಅಂತ ಬರೆಯುವ ಅಡುಗೆಮನೆಗಳನ್ನು ನಾನು ನೋಡಿದ್ದೇನೆ. ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಸ್ವಲ್ಪ ಮೈದಾ ಕೂಡ ಆಗುವುದಿಲ್ಲ. ಅವರು ಗೋಧಿ ಇರಲ್ಲ ಅಂತ ನಂಬಿಯೇ ಟಾಕೊ ಆರ್ಡರ್ ಮಾಡುತ್ತಾರೆ. ಮೈದಾ ಹಾಕಿದ್ದರೆ ಮೆನುವಿನಲ್ಲೇ ಬರೆಯಿರಿ, ವೇಟರ್‌ಗೂ ಹೇಳಿಕೊಡಿ. ಮೈದಾ ಹಾಕದಿದ್ದರೂ ಅದೇ ಹೆಂಚಿನಲ್ಲಿ ಗೋಧಿಯದ್ದು ಸುಡುತ್ತಿದ್ದರೆ ಅದನ್ನೂ ಹೇಳಬೇಕು.